ಭದ್ರಮ್ಮನ ಎರಡು ಬೆರಳು

ಬಾಗಲಗುಂಟೆಯಲ್ಲಿ ನಾನು ಬಾಡಿಗೆಗಿದ್ದ ಮನೆಯ ಒಡತಿ ಭದ್ರಮ್ಮ ಕೂತಲ್ಲಿ ಕೂರುವ ಹೆಂಗಸಲ್ಲ. ಒಲೆಯ ಮೇಲೆ ಎಸರಿಟ್ಟು ಹಿತ್ತಲಿಗೆ ಹೋಗುವಳು, ಹಿತ್ತಲಲ್ಲಿ ಪೊರಕೆ ಹಿಡಿದವಳು ಅದನ್ನಲ್ಲೇ ಬಿಟ್ಟು ಬೀದಿಗೆ ಬರುವಳು. ಅಷ್ಟರಲ್ಲಿ ಎಸರು ಉಕ್ಕಿ ಒಲೆ ಆರಿರುತ್ತಿತ್ತು. "ಕಾಲಿಗೆ ಚಕ್ರ ಕಟ್ಕೊಂಡವಳೆ" ಎಂದು ಗಂಡ ದಾಸಪ್ಪ ನಗುತ್ತಿದ್ದ. ನನಗೆ ನಗು ಬರುತ್ತಿರಲಿಲ್ಲ. ಆ ಕಾಲು ಯಾಕೆ ನಿಲ್ಲುವುದಿಲ್ಲ ಎಂಬುದು ನನಗೆ ಗೊತ್ತಿತ್ತು. ಗೊತ್ತಿದ್ದೂ ಬಾಯಿ ಮುಚ್ಚಿಕೊಂಡಿದ್ದೆ.

ಅವಳು ಮೊದಲು ಹಾಗಿರಲಿಲ್ಲ. ಪೀಣ್ಯದಲ್ಲಿ ಕಾರ್ಖಾನೆಗಳು ಏಳುವಾಗ ಅವರ ರಾಗಿ ಹೊಲ ಹೋಯಿತು. ಉಳಿದ ಜಾಗದಲ್ಲಿ ಸಾಲಾಗಿ ಆರು ಕೋಣೆ ಕಟ್ಟಿಸಿ ನನ್ನಂಥವರಿಗೆ ಬಾಡಿಗೆಗೆ ಕೊಟ್ಟರು. ಅವಳು ಒಂದು ಶೆಡ್ಡಿನಲ್ಲಿ ಪ್ರೆಸ್ಸಿನ ಕೆಲಸಕ್ಕೆ ಸೇರಿದಳು. ಅದೇ ಶೆಡ್ಡಿನಲ್ಲಿ ನಾನು ಗುಮಾಸ್ತ. ಕಾಲಲ್ಲಿ ಪೆಡಲ್ ತುಳಿದರೆ ಮೇಲಿನ ಅಚ್ಚು ದಡ್ ಎಂದು ಇಳಿದು ತಗಡು ಕತ್ತರಿಸುವ ಯಂತ್ರ ಅದು. ಅಚ್ಚಿಗಿಂತ ಮೊದಲು ಒಂದು ಕಬ್ಬಿಣದ ಜಾಲರಿ ಇಳಿದು ಕೈಯನ್ನು ಹೊರಗೆ ತಡೆಯಬೇಕು. ಆದರೆ ಜಾಲರಿ ಇಳಿದು ಏರುವಷ್ಟು ಹೊತ್ತಿನಲ್ಲಿ ಇನ್ನೊಂದು ತಗಡು ಹೊಡೆಯಬಹುದಲ್ಲ? ಹಾಗಾಗಿ ಸೈಕಲ್ ಟ್ಯೂಬಿನ ತುಂಡಿನಿಂದ ಅದನ್ನು ಮೇಲಕ್ಕೆ ಬಿಗಿದು ಕಟ್ಟಿಬಿಡುವುದು ನಮ್ಮ ಶೆಡ್ಡಿನ ಪದ್ಧತಿ. ತಪಾಸಣೆಯವರು ಬರುವ ದಿನ ಮಾತ್ರ ಬಿಚ್ಚುತ್ತಿದ್ದರು.

ಎಪ್ಪತ್ತೊಂಬತ್ತರ ಶ್ರಾವಣದಲ್ಲಿ ಒಂದು ಮಧ್ಯಾಹ್ನ ಭದ್ರಮ್ಮನ ಬಲಗೈಯ ಉಂಗುರದ ಬೆರಳು, ಕಿರುಬೆರಳು ಎರಡೂ ಹೋದವು.

ಬೇರೆಯವರಿಗಾಗಿದ್ದರೆ ಅದು ಅಪಘಾತ. ಅವರ ಕುಲದಲ್ಲಿ ಅದಕ್ಕೆ ಬೇರೆ ಅರ್ಥವಿತ್ತು. ಮಕ್ಕಳ ಕಿವಿ ಚುಚ್ಚಿಸುವ ಮೊದಲು ತಾಯಿಯಾದವಳು ಬಂಡಿ ದೇವರಿಗೆ ತನ್ನ ಬಲಗೈಯ ಕೊನೆಯ ಎರಡು ಬೆರಳ ತುದಿ ಕೊಡುವುದು ಹಿಂದಿನವರ ವಾಡಿಕೆ. ಅದು ನಿಂತು ನೂರು ವರ್ಷದ ಹತ್ತಿರವಾಗಿತ್ತು. ಈಗೆಲ್ಲ ಆ ಬೆರಳುಗಳಿಗೆ ಹೂ ಸುತ್ತಿ, ಹೂವನ್ನು ಕತ್ತರಿಸಿ ಒಪ್ಪಿಸಿದರೆ ಸಾಕು. ಅದಕ್ಕಾದರೂ ದಾಯಾದಿಗಳೆಲ್ಲ ಸೇರಬೇಕು. ಹೊಲ ಹೋದ ಮೇಲೆ ದಾಯಾದಿಗಳು ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಕಾದು ಸಾಕಾಗಿ ಭದ್ರಮ್ಮ ಎರಡು ವರ್ಷದ ಮಗಳು ಅನುಸೂಯಳನ್ನು ಕಂಕುಳಲ್ಲಿ ಎತ್ತಿಕೊಂಡು ಯಶವಂತಪುರದ ಅಕ್ಕಸಾಲಿಗನ ಹತ್ತಿರ ಹೋದಳು, ಕಿವಿ ಚುಚ್ಚಿಸಿಕೊಂಡು ಬಂದಳು. ಅದಾದ ಐದು ತಿಂಗಳಿಗೆ ಬೆರಳು ಹೋಯಿತು. ಅದೂ ಯಾವ ಎರಡು ಬೆರಳು!

ಇನ್ನು ಕೇಳಬೇಕೆ. "ದ್ಯಾವ್ರು ತನ್ ಪಾಲು ತಾನೇ ಕಿತ್ಕೊಂಡ" ಎಂದಳು ಅತ್ತೆ. ಊರೂ ಅದನ್ನೇ ಹೇಳಿತು. ಸೂಪರ್‌ವೈಸರ್ ನರಸಿಂಹಯ್ಯ ಆಸ್ಪತ್ರೆಗೆ ಎರಡು ಎಳನೀರು ಹಿಡಿದು ಬಂದು, "ದೈವದ ಮುಂದೆ ನಮ್ದೇನು ನಡೀತದಮ್ಮ" ಎಂದು ಕಣ್ಣೊರೆಸಿಕೊಂಡ. ಅವನಿಗೇನು? ಜಾಲರಿ ಕಟ್ಟಿಕೊಳ್ಳಿ ಎಂದು ಬೆಳಗಿನಿಂದ ಸಂಜೆಯವರೆಗೆ ಬಡಿದುಕೊಳ್ಳುತ್ತಿದ್ದವನೇ ಅವನು. ದೇವರ ಮೇಲೆ ಹೊರಿಸಿದರೆ ದೇವರೇನೂ ಕಾರ್ಮಿಕ ಇಲಾಖೆಗೆ ಅರ್ಜಿ ಬರೆಯುವುದಿಲ್ಲವಲ್ಲ. ಅಪಘಾತದ ಪುಸ್ತಕದಲ್ಲಿ 'ಕೆಲಸಗಾರ್ತಿಯ ಅಜಾಗರೂಕತೆ' ಎಂದು ಬರೆ ಅಂದ, ಬರೆದೆ. ದುಂಡಗೆ ಬರೆದೆ. ನನ್ನ ಕೈಗಿಷ್ಟು ಬೆಂಕಿ ಬೀಳ.

ಗಾಯ ಮಾಯಿತು, ಕಥೆ ಮಾಯಲಿಲ್ಲ. ಅದೇ ಶೆಡ್ಡಿನಲ್ಲಿ ಅವಳನ್ನು ಪ್ಯಾಕಿಂಗಿಗೆ ಹಾಕಿದರು. ಹೊಸದಾಗಿ ಯಾರೇ ಬಂದು ಕೈ ನೋಡಿದರೂ ಅವರು ಕೇಳುವ ಮೊದಲೇ ಅವಳು ಹೇಳಿಬಿಡುತ್ತಿದ್ದಳು: ಹರಕೆ ತಪ್ಪಿಸಿದೆ, ದೇವರು ತಗೊಂಡ. ಹೇಳಿದ ತಕ್ಷಣ ಎದ್ದು ಹೋಗುತ್ತಿದ್ದಳು. ಮನೆಯ ದೀಪ ಮುಟ್ಟಲಿಲ್ಲ, ಗುಡಿಯ ಹೊಸಿಲು ತುಳಿಯಲಿಲ್ಲ. ನಡೆಯುವುದು, ನಡೆಯುವುದು, ಸುಮ್ಮನೆ ನಡೆಯುವುದು. ಹೀಗೆ ಆರು ವರ್ಷ.

ಎಂಬತ್ತೈದರ ಮಹಾಲಯ ಅಮಾವಾಸ್ಯೆ ಹತ್ತಿರ ಬಂದಾಗ ಒಂದು ಭಾನುವಾರ ಮಗಳ ತಲೆಗೆ ಎಣ್ಣೆ ಹಚ್ಚಲು ಕೂತವಳು ಕಿರುಚಿಕೊಂಡಳು. ನಾನು ಪೇಪರ್ ಬಿಟ್ಟು ಹೊರಗೆ ಬಂದೆ. ಅನುಸೂಯಳ ಕಿವಿಯಲ್ಲಿ ಓಲೆ ಇರಲಿಲ್ಲ. ತಿಂಗಳುಗಟ್ಟಲೆ ಕೂದಲು ಮುಚ್ಚಿಕೊಂಡು ಓಡಾಡಿದ್ದಾಳೆ, ತೂತು ಕೂಡಿಕೊಂಡಿದೆ.

"ಎಲ್ಲೇ ಓಲೆ?"

"ಬಂಡಿ ದ್ಯಾವ್ರ ಕಲ್ಲತ್ರ ಊತಿಟ್ಟೆ," ಎಂದಿತು ಮಗು. "ನನ್ ಕಿವಿಯಿಂದಲ್ವಾ ನಿನ್ ಬೆರಳು ಓಗಿದ್ದು? ವಾಪಸ್ ಕೊಟ್ಬಿಟ್ಟಿದ್ದೀನಿ. ಇನ್ ಮ್ಯಾಕೆ ನಿಂಗೇನೂ ಆಗಲ್ಲ ಕಣವ್ವ."

ಎಂಟು ವರ್ಷದ ಮಗು ಅದು. ಅದನ್ನು ಯಾರೂ ಕೂರಿಸಿ ಆ ಮಾತು ಹೇಳಿರಲಿಲ್ಲ. ಅವ್ವ ಬಂದವರಿಗೆಲ್ಲ ಹೇಳುತ್ತಿದ್ದ ಕಥೆಯಲ್ಲಿ ತನಗೊಂದು ಜಾಗವಿದೆ ಎಂದು ಅದೇ ಕಂಡುಕೊಂಡಿತ್ತು. ಭದ್ರಮ್ಮ ಎಣ್ಣೆಗೈಯಲ್ಲೇ ಎದ್ದಳು, ಚಪ್ಪಲಿ ಮೆಟ್ಟಿದಳು. ಅವತ್ತು ಮಾತ್ರ ಅವಳ ಕಾಲಿಗೆ ಹೋಗುವ ಕಡೆ ಗೊತ್ತಿತ್ತು.

ಹೋದದ್ದು ಗಂಡನ ಅಜ್ಜಿ ಚಿಕ್ಕಮುನಿಯಮ್ಮನ ಹತ್ತಿರ. ಎಂಬತ್ತೈದು ದಾಟಿದ ಮುದುಕಿ ಊರಾಚೆ ಇನ್ನೊಬ್ಬ ಮೊಮ್ಮಗನ ಮನೆಯಲ್ಲಿತ್ತು. ಬೆರಳು ಕೊಟ್ಟ ಹೆಂಗಸನ್ನು ಕಣ್ಣಾರೆ ಕಂಡವರಲ್ಲಿ ಉಳಿದದ್ದು ಅವಳೊಬ್ಬಳೇ. ಅಲ್ಲಿ ನಡೆದದ್ದನ್ನು ಭದ್ರಮ್ಮ ಆಮೇಲೆ ನನಗೆ ಹೇಳಿದಳು.

"ಅವ್ವಾ, ನನ್ ತಪ್ಪಿಗೆ ಮಗೀಗೂ ಸಿಕ್ಸೆ ಆಯ್ತದಾ? ದ್ಯಾವ್ರಿಗೆ ಇನ್ನೇನು ಬೇಕಂತೆ?" ಎಂದು ಕೇಳಿದಳಂತೆ.

ಮುದುಕಿಗೆ ಸಿಟ್ಟು ಬಂತು. "ನಮ್ಮಜ್ಜಿ ಕೊಟ್ಟೋಳು ಕಣೇ. ಉಪಾಸ ಇದ್ದು, ಮಡಿಯುಟ್ಟು, ತಾನಾಗಿ ಕೈ ಇಟ್ಟು ಕೊಟ್ಟೋಳು. ಕೊಟ್ಟು ಬಂದು ಮುದ್ದೆ ಉಂಡ್ಳಂತೆ. ಕೇಳಿ ಇಸ್ಕೊಳೋ ದ್ಯಾವ್ರು ಕಣೇ ಅದು. ದುಡಿಯೋ ಎಂಗಸ್ರ ಕೈ ಕಿತ್ಕೊಳೋಕೆ ಅದೇನು ದಾರಿಗಳ್ಳನಾ? ಅಂಗಂದೋರ ಬಾಯಿಗೆ ಮಣ್ಣಾಕ." ಆಮೇಲೆ, "ಅವತ್ತೇನಾಯ್ತು ಯೋಳು. ದ್ಯಾವ್ರನ್ನ ಬಿಟ್ಟು ಯೋಳು" ಎಂದಳು.

ಆರು ವರ್ಷದಲ್ಲಿ ಆ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ನಾನಂತೂ ಕೇಳುವ ಧೈರ್ಯವನ್ನೇ ಮಾಡಿರಲಿಲ್ಲ. ಭದ್ರಮ್ಮ ಹೇಳಲು ಹೊರಟವಳು ಎದ್ದು ಅಂಗಳದಲ್ಲಿ ನಾಲ್ಕು ಸುತ್ತು ಸುತ್ತಿ ಬಂದು ಮತ್ತೆ ಕೂತಳು. ಆಮೇಲೆ ಹೇಳಿದಳು. ಜಾಲರಿಯನ್ನು ಆ ಬೆಳಿಗ್ಗೆ ಕಟ್ಟಿದ್ದು ತಾನೇ. ನರಸಿಂಹಯ್ಯ ಕಟ್ಟು ಅಂದ, ಕಟ್ಟಿದಳು. ಕೈ ಒಳಗಿರುವಾಗಲೇ ಕಾಲು ತುಳಿದುಬಿಟ್ಟಿತು. ತನ್ನ ಕೈಯನ್ನು ತನ್ನ ಕಾಲೇ ತಿಂದಿತು ಎಂದು ಒಪ್ಪಿಕೊಳ್ಳುವುದಕ್ಕಿಂತ ದೇವರು ತಿಂದ ಎನ್ನುವುದು ಸಲೀಸಾಗಿತ್ತು.

"ಅತ್ತುಬಿಡು," ಎಂದಳಂತೆ ಮುದುಕಿ. ಭದ್ರಮ್ಮ ಅತ್ತಳು.

ಮಾರನೆಯ ದಿನ ಆಫೀಸಿಗೆ ಬಂದು ನನ್ನ ಮೇಜಿನ ಮುಂದೆ ನಿಂತಳು. "ಸಾರ್, ಪುಸ್ತಕದಾಗೆ ನನ್ ಬಗ್ಗೆ ಏನ್ ಬರ್ದಿದ್ದೀರಿ? ಓದಿ."

ಓದಿದೆ. 'ಕೆಲಸಗಾರ್ತಿಯ ಅಜಾಗರೂಕತೆ' ಎಂದಿತ್ತು.

"ಅದು ನಿಜವೇ," ಎಂದಳು. "ಆದ್ರೆ ಅರ್ಧ. ಕಟ್ಟು ಅಂದೋರು ಯಾರು ಅಂತ್ಲೂ ಬರೀರಿ."

ನಾನು ಬರೆಯಲಿಲ್ಲ. ಆರು ವರ್ಷದ ಹಿಂದಿನ ಪುಟ, ಸಾಹೇಬರ ಸಹಿ ಬೇರೆ ಬಿದ್ದಿದೆ ಎಂದೆಲ್ಲ ತೊದಲಿದೆ. ಅವಳು ನನ್ನನ್ನು ನೋಡಿದ ನೋಟಕ್ಕೆ ಎರಡು ದಿನ ಅನ್ನ ಇಳಿಯಲಿಲ್ಲ. ಬೈದಿದ್ದರೆ ಎಷ್ಟೋ ಮೇಲಿತ್ತು.

ಆಯುಧಪೂಜೆಯ ದಿನ ಶೆಡ್ಡಿಗೆ ಮನೆಮಂದಿಯೂ ಬರುವುದು ವಾಡಿಕೆ. ಭದ್ರಮ್ಮ ಮಾತ್ರ ಆರು ವರ್ಷ ಆ ಪೂಜೆಗೆ ಬಂದಿರಲಿಲ್ಲ. ಆ ಸಲ ಅನುಸೂಯಳ ಕೈ ಹಿಡಿದು ಬಂದಳು. ಯಂತ್ರಗಳಿಗೆಲ್ಲ ಕುಂಕುಮ, ಬಾಳೆಕಂದು, ಚೆಂಡುಹೂ. ನರಸಿಂಹಯ್ಯ ಹೊಸ ಪಂಚೆಯುಟ್ಟು ಮಂಗಳಾರತಿ ಹಂಚುತ್ತಿದ್ದ. ಅವಳು ಆರತಿಗೆ ನಿಲ್ಲದೆ ಸೀದಾ ತನ್ನ ಹಳೆಯ ಪ್ರೆಸ್ಸಿನ ಹತ್ತಿರ ಹೋದಳು. ಹಾರದ ಹಿಂದೆ ಜಾಲರಿ ಇನ್ನೂ ಮೇಲಕ್ಕೇ ಕಟ್ಟಿತ್ತು.

"ಇಲ್ ನೋಡು. ಇದು ಕೈ ಕಾಯೋಕೆ ಇರೋದು. ಇದನ್ನ ಕಟ್ಟಿದ್ದು ನಾನು. ಕಟ್ಟು ಅಂದಿದ್ದು ಅವ್ರು," ಎಂದು ನರಸಿಂಹಯ್ಯನ ಕಡೆ ತೋರಿಸಿದಳು. ದನಿ ಎತ್ತಲಿಲ್ಲ. ಆದರೂ ಅಕ್ಕಪಕ್ಕದವರೆಲ್ಲ ತಿರುಗಿದರು. "ಬೆರಳು ಓಗಿದ್ದು ಇಲ್ಲಿ. ನಿನ್ ಕಿವಿಗೂ ಇದಕ್ಕೂ ಸಂಬಂಧ ಇಲ್ಲ. ಅವ್ವ ಇಷ್ಟ್ ದಿನ ಸುಳ್ಳು ಯೋಳ್ದೆ ಕಣೇ."

"ಪೂಜೆ ದಿನ ಇದೆಲ್ಲ ಯಾಕಮ್ಮ, ಭದ್ರಮ್ಮ?" ಎಂದ ನರಸಿಂಹಯ್ಯ. ಅವನ ತಟ್ಟೆಯ ಕರ್ಪೂರ ಆರಿಹೋಗಿತ್ತು. ಆಗ ನನಗೆ ಏನಾಯಿತೋ, "ಅವರು ಹೇಳ್ತಿರೋದು ನಿಜ. ತಪ್ಪು ಬರೆದವನು ನಾನು," ಎಂದುಬಿಟ್ಟೆ. ಅವನು ನನ್ನನ್ನು ದುರುಗುಟ್ಟಿಕೊಂಡು ನೋಡಿದ. ಮುಂದಿನ ತಿಂಗಳು ನನ್ನ ಕೆಲಸ ಹೋಯಿತು, ಅದಿರಲಿ.

ಅನುಸೂಯ ಯಂತ್ರವನ್ನು ನೋಡಿತು, ಅವ್ವನ ಕೈ ನೋಡಿತು. ಮೊದಲ ಸಲ ಆ ಮೊಂಡು ಬೆರಳುಗಳನ್ನು ಹೆದರದೆ ಮುಟ್ಟಿತು. ಆಮೇಲೆ ಕೇಳಿತು:

"ಅಂಗಾದ್ರೆ ದ್ಯಾವ್ರು ನಮ್ ಮೇಲೆ ಸಿಟ್ಟಾಗ್ಲೇ ಇಲ್ವಾ?"

ಭದ್ರಮ್ಮ ಮಗಳ ಮುಂದೆ ಮಂಡಿಯೂರಿ ಕೂತಳು. ಅವಳು ಹಾಗೆ ಕೂತದ್ದನ್ನು ನಾನು ಅವತ್ತೇ ನೋಡಿದ್ದು.

"ಇಲ್ಲ ಕಣವ್ವ. ನಿನ್ನಂಗೇ ಅವ್ನೂ ಮಾಡ್ದೇ ಇರೋ ತಪ್ಪಿಗೆ ಆರು ವರ್ಸದಿಂದ ನನ್ ಕೈಲಿ ಬೈಸ್ಕೊಂಡು ಕುಂತವ್ನೆ."