ಗುಂಗುರಿಯ ಬೂದಿ ಬೊಟ್ಟು

ಒಂದು ಸಂಜೆ ನಾನು ಬಾಯಿ ಮುಚ್ಚಿಕೊಂಡು ನಡೆಯುತ್ತಿದ್ದೆ; ನನ್ನ ದನಿ ಮಾತ್ರ ನನಗಿಂತ ಮುಂದೆ ಹೋಗುತ್ತಿತ್ತು. ಕುವೆಂಪುನಗರದ ಒಂದು ಅಡ್ಡರಸ್ತೆ. ಮೊದಲ ಮನೆಯ ಕಿಟಕಿಯಿಂದ ನಾನು ನಕ್ಕಿದ್ದು ಕೇಳಿಸಿತು. ಪಕ್ಕದ ಮನೆಯ ಮುಂದೆ ಬರುವಷ್ಟರಲ್ಲಿ ಯಾರನ್ನೋ ಗದರಿಸುತ್ತಿದ್ದೆ. ತಿರುವಿನ ಮನೆಯಲ್ಲಿ ಪಿಸುಗುಟ್ಟುತ್ತಿದ್ದೆ. ಗೇಟಿನ ಹತ್ತಿರ ಸ್ಕೂಟರ್ ಒರೆಸುತ್ತಿದ್ದವರೊಬ್ಬರು ನನ್ನನ್ನು ಕಂಡು, ಯಾರೋ ಹೊರದೇಶದವಳು, ಎಲ್ಲಿ ಇಂಗ್ಲಿಷಿನಲ್ಲಿ ದಾರಿ ಕೇಳಿಬಿಡುತ್ತಾಳೋ ಎಂದು ಮುಖ ತಿರುಗಿಸಿಕೊಂಡರು. ಅವರ ಮನೆಯೊಳಗೆ ನಾನು ಅವರ ಮಕ್ಕಳ ಜೊತೆ ಮಾತಾಡುತ್ತಲೇ ಇದ್ದೆ.

ಯಲ್ಲಾಪುರದ ನಮ್ಮೂರಿನವರೇ, ಗಾಬರಿಯಾಗಬೇಡಿ. ನಾನು ಸತ್ತು ದೆವ್ವವಾಗಿಲ್ಲ. ಅದು ಟೀವಿ. ಆದರೆ ಈ ಮೈಸೂರಿನಲ್ಲಿ ಬದುಕಿರುವಾಗಲೇ ಸ್ವಲ್ಪ ದೆವ್ವವಾದದ್ದು ಹೇಗೆ ಎಂದು ನಿಮಗೆ ಬರೆದು ತಿಳಿಸದೆ ನನಗೆ ಸಮಾಧಾನವಿಲ್ಲ.

ಯಲ್ಲಾಪುರದಿಂದ ನಾನು ಇಲ್ಲಿಗೆ ಬಂದದ್ದು ಎರಡು ಸಾವಿರದ ಇಸವಿಯ ಆಚೀಚೆ, ಸರಸ್ವತಿಪುರಂನ ಒಂದು ಶಿಶುವಿಹಾರದಲ್ಲಿ ಟೀಚರ್ ಆಗಿ. ಮನೆ ಹುಡುಕುತ್ತಾ ಹೋದಾಗ ಬಾಗಿಲು ತೆರೆದ ವಿಜಯಮ್ಮ ಎಂಬುವರು ನನ್ನ ಮುಖವನ್ನೂ ಗುಂಗುರು ಕೂದಲನ್ನೂ ನೋಡಿ, ಮೊದಲು ಕೇಳಿದ್ದು ಪಾಸ್‌ಪೋರ್ಟ್. ಆ ಬೀದಿಗಳಲ್ಲಿ ಆಫ್ರಿಕಾದಿಂದ ಓದಲು ಬಂದ ಹುಡುಗರು ಬಾಡಿಗೆಗಿದ್ದರು. ಅವರಲ್ಲಿ ಒಬ್ಬಳು ಎಂದುಕೊಂಡಿದ್ದರು.

"ನಾನು ಯಲ್ಲಾಪುರದವಳಮ್ಮ, ಸಿದ್ದಿ," ಎಂದೆ.

"ಅಯ್ಯೋ! ಎಷ್ಟು ಬೇಗ ಕನ್ನಡ ಕಲ್ತ್‌ಬುಟ್ಟಿದ್ದೀರಿ ಕಣ್ರೀ!"

"ನೀವೂ ಚೆನ್ನಾಗೇ ಕಲಿತಿದ್ದೀರಿ," ಎಂದುಬಿಟ್ಟೆ. ಅವರು ಒಂದು ಗಳಿಗೆ ಪೆಚ್ಚಾಗಿ, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. ಮಹಡಿಯ ಮೇಲಿನ ಕೋಣೆ ನನಗೆ ಸಿಕ್ಕಿದ್ದು ಆ ನಗುವಿನಿಂದ. ನಮ್ಮ ಹಿರಿಯರನ್ನು ಹಡಗಿನಲ್ಲಿ ತಂದಿಳಿಸಿ ಎಷ್ಟೋ ತಲೆಮಾರು ಕಳೆದಿವೆ, ನನಗೆ ಬರುವ ಭಾಷೆಗಳಲ್ಲಿ ಆಫ್ರಿಕಾದ್ದು ಒಂದೂ ಇಲ್ಲ ಎಂದು ಅವರಿಗೆ ಬಿಡಿಸಿ ಹೇಳಿದೆ. ಅವರು ನಂಬಿದರು. ಆದರೂ ಮಾತು ಮುಗಿದ ಮೇಲೆ ಒಂದು ಕ್ಷಣ ನನ್ನ ತುಟಿಗಳನ್ನೇ ನೋಡುತ್ತಿದ್ದರು, ದನಿ ಅಲ್ಲಿಂದಲೇ ಬಂತೋ ಎಂಬಂತೆ.

ನಮ್ಮ ಕಡೆ ಅನ್ನ, ಇಲ್ಲಿ ಮುದ್ದೆ. ಮೊದಲ ದಿನ ನಾನು ಮುದ್ದೆಯನ್ನು ಅಗಿಯುತ್ತಾ ಕೂತಿದ್ದೆ. ವಿಜಯಮ್ಮನ ಮಗಳು ಸ್ಫೂರ್ತಿ, ಡಿಗ್ರಿ ಓದುತ್ತಿದ್ದ ಹುಡುಗಿ, "ಅಕ್ಕ, ಅದನ್ನ ಅಗೀಬಾರ್ದು, ನುಂಗ್ಬುಡಿ," ಎಂದು ತೋರಿಸಿಕೊಟ್ಟಳು. ಇಲ್ಲಿ ಎಲ್ಲಕ್ಕೂ ಒಂದು ಬುಡು ಸೇರುತ್ತದೆ: ಬಂದ್ಬುಡು, ತಿಂದ್ಬುಡು, ಮಲಗ್ಬುಡು. ನನ್ನ ಬಾಯಲ್ಲಿದ್ದದ್ದು ನಮ್ಮ 'ಅಡ್ಡಿಲ್ಲ'. ಚೆನ್ನಾಗಿದೆ, ಆಗಬಹುದು, ಪರವಾಗಿಲ್ಲ, ನಡೆಯುತ್ತದೆ, ಎಲ್ಲಕ್ಕೂ ನಾವು ಹೇಳುವ ಆ ಒಂದೇ ಮಾತು. ನಮ್ಮಜ್ಜಿ ಅದನ್ನು ಹೇಳುವಾಗ ನಡುವಿನ 'ಡ್ಡಿ'ಯ ಮೇಲೆ ತುಸು ಕೂತು, ಕೊನೆಯದನ್ನು ಅರ್ಧ ನುಂಗುತ್ತಿದ್ದಳು. ಸ್ಫೂರ್ತಿಗೆ ಅದು ಭಾರಿ ತಮಾಷೆ. ದಿನಕ್ಕೊಮ್ಮೆಯಾದರೂ ನನ್ನ ಬಾಯಿಂದ ಹೇಳಿಸಿ ನಗುತ್ತಿದ್ದಳು.

ಶಿಶುವಿಹಾರಕ್ಕೆ ಮೊಮ್ಮಗಳನ್ನು ಬಿಡಲು ಬರುತ್ತಿದ್ದ ಮಲ್ಲಪ್ಪನವರು ಕೇಬಲ್ ಟೀವಿ ನಡೆಸುವವರು. ಹಣೆ ತುಂಬ ವಿಭೂತಿ, ಬಾಯಿ ತುಂಬ ಯೋಜನೆ. ನಾನು ಮಕ್ಕಳಿಗೆ ಕಥೆ ಹೇಳುವುದನ್ನು ಕಿಟಕಿಯಾಚೆ ನಿಂತು ಕೇಳಿ, ತಮ್ಮ ಚಾನೆಲ್ಲಿಗೆ ಕಾರ್ಟೂನ್ ಮಾಡಿಸುತ್ತಿದ್ದೇನೆ, ದನಿ ಕೊಡಿ ಎಂದರು. ಚಿತ್ರ ಬರೆಯುವ ಮೂರ್ತಿ ನಾನು ಮೈಕಿನ ಮುಂದೆ ಕೂತಾಗ ನನ್ನನ್ನೇ ನೋಡಿ ನೋಡಿ ಗೆರೆ ಎಳೆದರು. ಹಾಗೆ ಹುಟ್ಟಿದಳು ಗುಂಗುರಿ: ಕಪ್ಪು ಬಣ್ಣ, ಗುಂಗುರು ಕೂದಲು, ಸೈಕಲ್ ಏರಿ ಮೈಸೂರು ಸುತ್ತಿ ಜನ ಕಳೆದುಕೊಂಡದ್ದನ್ನು ಹುಡುಕಿಕೊಡುವ ಹುಡುಗಿ. ಒಮ್ಮೆ ನನ್ನ ಬಾಯಿ ತಪ್ಪಿ 'ಅಡ್ಡಿಲ್ಲ' ಬಂತು. ತೆಗೆಯುವುದು ಬೇಡ ಎಂದರು ಮಲ್ಲಪ್ಪನವರು. ಕೆಲವೇ ವಾರಗಳಲ್ಲಿ ಬಸ್ಸಿನಲ್ಲಿ ಕೂತ ಮಕ್ಕಳು ಒಬ್ಬರಿಗೊಬ್ಬರು 'ಅಡ್ಡಿಲ್ಲ' ಎನ್ನತೊಡಗಿದರು. ನಮ್ಮಜ್ಜಿಯ ಮಾತು ಈ ಊರಿನ ಬಾಯಲ್ಲಿ! ಆ ದಿನಗಳಲ್ಲಿ ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಮಕ್ಕಳು ನನ್ನನ್ನು ಬೆರಳು ಮಾಡಿ "ಗುಂಗುರಿ ಕಣೋ!" ಎಂದು ಕೂಗುತ್ತಿದ್ದರು. ಆಫ್ರಿಕಾ ಎಂದು ಕೂಗುವುದು ನಿಂತಿತ್ತು.

ಹೀಗಿರುವಾಗ ಮಲ್ಲಪ್ಪನವರಿಗೆ ಗುಂಗುರಿಯನ್ನು ನಿಜವಾದ ಮನುಷ್ಯರನ್ನಿಟ್ಟು ತೆಗೆಯುವ ಹುಮ್ಮಸ್ಸು ಬಂತು. ನಾನು ಅಂದು ತಲೆಗೆ ಎಣ್ಣೆ ಹಚ್ಚಲಿಲ್ಲ, ಕೂದಲು ಚಿತ್ರದಲ್ಲಿದ್ದಂತೆಯೇ ಅರಳಿರಲಿ ಎಂದು ಬಿಟ್ಟುಕೊಂಡು ಸ್ಟುಡಿಯೋಗೆ ಹೋದೆ. ಆ ಪಾತ್ರ ನನ್ನದಲ್ಲದೆ ಇನ್ನಾರದು? ಕನ್ನಡಿಯ ಮುಂದೆ ಅಭ್ಯಾಸ ಮಾಡುವುದೂ ಬೇಕಿರಲಿಲ್ಲ.

ಮಲ್ಲಪ್ಪನವರು ಕೆಮ್ಮಿದರು. "ನೀವು ದನಿ ಕೊಡಿ ಮೇಡಂ. ಮುಖಕ್ಕೆ ಬೇರೆ ಹುಡುಗೀನ ನೋಡಿದೀವಿ."

"ನಾನು ಬರ್ದಿದ್ದೇ ಇವರ ಮುಖ ನೋಡ್ಕೊಂಡು ಸಾರ್," ಎಂದರು ಮೂರ್ತಿ.

"ಬರೆಯೋದು ಬೇರೆ ಕಣ್ರೀ ಮೂರ್ತಿ. ಇವರನ್ನ ನಿಲ್ಲಿಸಿದ್ರೆ ಜನ ಯಾರೋ ಆಫ್ರಿಕಾದವ್ರನ್ನ ಕರ್ಕೊಂಡ್ ಬಂದ್ಬುಟ್ಟವ್ರೆ ಅಂತಾರೆ. ಗುಂಗುರಿ ನಮ್ಮೂರ ಹುಡುಗಿ. ನಮ್ಮೂರ ಹುಡುಗೀಗೆ ಬಣ್ಣ ಹಚ್ಚಿದ್ರೆ ಆಯ್ತು. ತಪ್ಪು ತಿಳ್ಕೋಬೇಡಿ ಮೇಡಂ, ನಿಮ್ಮ ಮೇಲೆ ನನಗೆ ಗೌರವ ಇದೆ."

ಗೌರವ ಇತ್ತು, ಸುಳ್ಳಲ್ಲ. ಅದೇ ಹೆಚ್ಚು ಸುಟ್ಟಿತು. ಕಾಗದದ ಮೇಲೆ ಇರುವಷ್ಟು ಹೊತ್ತು ಗುಂಗುರಿ ಮೈಸೂರಿನವಳು; ಉಸಿರಾಡಿದರೆ ಪರದೇಶಿ. ನಮ್ಮ ಭಾಷೆಯಲ್ಲಿ ಪರದೇಶಿ ಎಂದರೆ ಹೊರದೇಶದವಳೂ ಹೌದು, ಯಾರೂ ಇಲ್ಲದವಳೂ ಹೌದು. ಅಂದು ನನಗೆ ಎರಡೂ ಅರ್ಥ ಒಟ್ಟಿಗೆ ಆಯಿತು. ಬಣ್ಣ ಹಚ್ಚಿಸಿಕೊಳ್ಳಲಿದ್ದ ಹುಡುಗಿ ನಮ್ಮ ಮನೆಯ ಸ್ಫೂರ್ತಿಯೇ ಎಂದು ತಿಳಿದದ್ದು ಮನೆಗೆ ಬಂದ ಮೇಲೆ, ವಿಜಯಮ್ಮ ಸಿಹಿ ಕೊಟ್ಟಾಗ. ಹಾಲಿನ ಬಣ್ಣದ ಹುಡುಗಿ. ನನ್ನ ಮುಖ ನೋಡಲಾರದೆ ಒಳಗೆ ಹೋಗಿಬಿಟ್ಟಳು.

ಮುಖ ಹೋದರೇನು, ದನಿ ನನ್ನ ಹತ್ತಿರ ಇದೆ, ಅದಿಲ್ಲದೆ ಇವರ ಆಟ ನಡೆಯುವುದಿಲ್ಲ ಎಂದು ನಾನು ಹಲ್ಲು ಕಚ್ಚಿಕೊಂಡು ಒಪ್ಪಿದೆ.

ಅದಾದ ಒಂದೆರಡು ದಿನಕ್ಕೆ ಮುಸ್ಸಂಜೆಯಲ್ಲಿ ಕರೆಂಟ್ ಹೋಯಿತು. ಇಡೀ ಬೀದಿ ಗಪ್‌ಚುಪ್. ಮಹಡಿಯ ಮೆಟ್ಟಿಲ ಮೇಲೆ ಕೂತಿದ್ದೆ. ಕೆಳಗಿನ ಕತ್ತಲೆಯಿಂದ ನನ್ನ ದನಿ ಕೇಳಿಸಿತು. "ಯಾರದ್ದು ಏನು ಕಳೆದಿದೆ?" ಎಂದು ಕೇಳಿ ನಕ್ಕಿತು. ನಾನು ಎಂದಿನಂತೆ ಟೀವಿ ಎಂದುಕೊಂಡೆ. ಆಮೇಲೆ ಕರೆಂಟ್ ಇಲ್ಲ ಎನ್ನುವುದು ನೆನಪಾಯಿತು. ನನ್ನ ಬಾಯಿಯನ್ನು ಮುಟ್ಟಿ ನೋಡಿಕೊಂಡೆ, ಅದು ಮುಚ್ಚಿತ್ತು. ಮೇಣದಬತ್ತಿ ಹಿಡಿದು ವಿಜಯಮ್ಮ ಬರುವಷ್ಟರಲ್ಲಿ ದನಿ ನಿಂತಿತ್ತು.

ಚಿತ್ರೀಕರಣ ಕುವೆಂಪುನಗರದ ಒಂದು ಪಾರ್ಕಿನಲ್ಲಿ. ಬೆಳಿಗ್ಗೆ ಹೋದವಳಿಗೆ ಕಲ್ಲುಬೆಂಚಿನ ಮೇಲೆ ನಾನು ಕೂತಿರುವುದು ಕಾಣಿಸಿತು. ನನ್ನ ಕೂದಲು, ನನ್ನ ಮೂಗಿನ ಪಕ್ಕದ ಮಚ್ಚೆ ಸಹ. ಅದು ತಿರುಗಿ ನನ್ನನ್ನು ನೋಡಿ "ಅಕ್ಕ" ಎಂದಿತು. ಹತ್ತಿರ ಹೋದರೆ ಬಣ್ಣದ ವಾಸನೆ. ನಾವು ಅಷ್ಟು ಕಪ್ಪಲ್ಲ, ನಿಮಗೆಲ್ಲ ಗೊತ್ತಲ್ಲ. ಅದು ಬಾಣಲೆಯ ತಳದ ಕಪ್ಪು.

ವಿಜಯಮ್ಮನಿಗೆ ಬೇರೆಯೇ ಚಿಂತೆ. ಮಗಳು ಹೊರಗೆ ಹೊರಟಾಗಲೆಲ್ಲ ಕೆನ್ನೆಗೆ ಕಾಡಿಗೆಯ ದೃಷ್ಟಿಬೊಟ್ಟು ಇಡುವುದು ಅವರ ಪದ್ಧತಿ. ಇಟ್ಟೇ ಇಟ್ಟರು, ಬೊಟ್ಟು ಕಾಣಲೇ ಇಲ್ಲ. "ಇಷ್ಟು ಜನ ನೋಡ್ತಾವ್ರೆ, ಕಣ್ಣಾಗ್ಬುಟ್ರೆ ಏನ್ ಗತಿ? ನಿಮ್ಮಲ್ಲಿ ಏನ್ ಮಾಡ್ತಾರೆ ಕಣಮ್ಮ?"

"ಬೂದಿ ಇಡ್ತಾರೆ," ಎಂದೆ. ನಮ್ಮಜ್ಜಿ ಒಲೆಯ ಬೂದಿಯನ್ನು ಕಿರುಬೆರಳಿಗೆ ತಾಗಿಸಿ ನನ್ನ ಕೆನ್ನೆಗೆ ಒತ್ತುತ್ತಿದ್ದಳು. ನಮ್ಮ ಮುಖದ ಮೇಲೆ ಕಾಡಿಗೆ ಕಾಣುವುದಿಲ್ಲವಲ್ಲ.

ಮಲ್ಲಪ್ಪನವರ ವಿಭೂತಿ ಗಟ್ಟಿ ಬಂತು. "ನೀವೇ ಇಡಿ, ನಿಮಗೆ ಗೊತ್ತಿರೋದು," ಎಂದರು ವಿಜಯಮ್ಮ. ಕಿರುಬೆರಳಿನಿಂದ ನನ್ನದೇ ಕೆನ್ನೆಯನ್ನು ಎದುರಿನಿಂದ ಮುಟ್ಟಿದೆ. ಅದು ಬೆಚ್ಚಗಿತ್ತು. ಕಣ್ಣುಗಳು ಮಾತ್ರ ಸ್ಫೂರ್ತಿಯವು, ತುಂಬಿಕೊಂಡಿದ್ದವು. ಬಿಳಿ ಬೊಟ್ಟು ಮೂಡಿದ ಕೂಡಲೆ ತೀರಿಹೋದ ಅಜ್ಜಿ ಪಕ್ಕದಲ್ಲೇ ಎಲ್ಲೋ ಬಂದು ನಿಂತಂತಾಗಿ, ಮೊಮ್ಮಗಳು ಯಾರೆಂದು ಅವಳಿಗೆ ಗುರುತು ಸಿಕ್ಕೀತೇ ಎಂದು ನನಗೆ ನಿಜಕ್ಕೂ ಭಯವಾಯಿತು.

ಮರದ ಹಿಂದೆ ನಾನು ಮೈಕ್ ಹಿಡಿದು ಕೂತೆ. ನನ್ನ ಮಾತು ಸ್ಪೀಕರಿನಲ್ಲಿ ಬರಬೇಕು, ಅದಕ್ಕೆ ಸರಿಯಾಗಿ ಸ್ಫೂರ್ತಿ ತುಟಿ ಆಡಿಸಬೇಕು. ನೋಡಲು ಮಕ್ಕಳು ಗುಂಪುಗೂಡಿದ್ದರು. ಅರ್ಧದವರೆಗೆ ಹೇಳಿದೆ. ಆಮೇಲೆ, ಮೊದಲೇ ಯೋಚಿಸಿದ್ದೆನೋ ಇಲ್ಲವೋ, ಬಾಯಿ ಮುಚ್ಚಿದೆ. ಸ್ಪೀಕರ್ ಸುಮ್ಮನಾಯಿತು. ಬೆಂಚಿನ ಮೇಲಿನ ಕರಿ ಮುಖದಲ್ಲಿ ತುಟಿಗಳು ಸದ್ದಿಲ್ಲದೆ ಆಡಿ ನಿಂತವು. ಮಲ್ಲಪ್ಪನವರು ಮರದ ಕಡೆ ತಿರುಗಿದರು. ಈಗ ಗೊತ್ತಾಗಲಿ, ಈಗ ಬಂದು ಕೇಳಲಿ, ಮುಖ ಕೊಡುತ್ತೇವೆ ದನಿ ಕೊಡಿ ಎಂದು ಬೇಡಲಿ ಎಂದು ನಾನು ಕಾಯುತ್ತಿದ್ದೆ.

ಆಗ ನನ್ನ ದನಿ ಮಾತಾಡಿತು. ಸ್ಪೀಕರಿನಿಂದಲ್ಲ, ಬೆಂಚಿನಿಂದ. ಎಲ್ಲಿ ಬಿಟ್ಟಿದ್ದೆನೋ ಅಲ್ಲಿಂದಲೇ ಹಿಡಿದು, ನನ್ನ ನಗು ನಕ್ಕು, ಕೊನೆಗೆ 'ಅಡ್ಡಿಲ್ಲ' ಎಂದಿತು. 'ಡ್ಡಿ'ಯ ಮೇಲೆ ತುಸು ಕೂತು, ಕೊನೆಯದನ್ನು ಅರ್ಧ ನುಂಗಿ. ಮಕ್ಕಳು ಚಪ್ಪಾಳೆ ತಟ್ಟಿದರು. ಕರೆಂಟ್ ಹೋದ ದಿನ ಕೆಳಗೆ ಕತ್ತಲೆಯಲ್ಲಿ ಇದ್ದವರು ಯಾರೆಂದು ಆಗ ಹೊಳೆಯಿತು.

"ಇನ್ನೂ ಒಳ್ಳೇದೇ ಆಯ್ತು ಬುಡಿ!" ಎಂದರು ಮಲ್ಲಪ್ಪನವರು.

ಸಂಜೆ ಸ್ಫೂರ್ತಿ ಮುಖ ತೊಳೆದುಕೊಂಡು ಮಹಡಿಗೆ ಬಂದಳು. "ನೀವು ನಿಲ್ಲಿಸ್ಬುಟ್ರಲ್ಲ ಅಕ್ಕ, ಬಾಯಿಗೆ ತಾನಾಗೇ ಬಂದ್ಬುಡ್ತು. ನಿಮ್ಮ ಮಾತು ನಂಗೆ ಅಷ್ಟು ಇಷ್ಟ," ಎಂದು ಅತ್ತಳು. ನಾನು ಬಾಗಿಲು ಹಾಕಿಕೊಂಡೆ. ಸಿಟ್ಟು ಅವಳ ಮೇಲಲ್ಲ ಎಂದು ನನಗೆ ಗೊತ್ತಿದ್ದೂ ಬಾಗಿಲು ತೆರೆಯಲಿಲ್ಲ. ಆ ತಿಂಗಳೇ ರಾಜೀವನಗರಕ್ಕೆ ಮನೆ ಬದಲಾಯಿಸಿದೆ.

ಆಮೇಲೆ ರಜೆಗೆ ಊರಿಗೆ ಬಂದೆನಲ್ಲ, ನೀವೆಲ್ಲ ನೋಡಿದಿರಿ. ಊಟಕ್ಕೆ ಕೂತಾಗ ಸೋದರತ್ತೆ ಸಾರು ಹೇಗಿದೆ ಎಂದು ಕೇಳಿದಳು. "ಅಡ್ಡಿಲ್ಲ," ಎಂದೆ. ಅತ್ತೆಯ ಕೈ ಸೌಟಿನ ಮೇಲೆ ನಿಂತಿತು.

"ಎಂತದೇ ಇದು? ನಿನ್ನ ಬಾಯಲ್ಲಿ ಯಾರು ಕೂತಿದಾರೆ? ಇನ್ನೊಂದ್ಸಲ ಹೇಳು."

ಹೇಳಿದೆ. ಮತ್ತೂ ಹೇಳಿದೆ. ಎಲ್ಲರೂ ನಕ್ಕರು. ನನ್ನ ಕಿವಿಗೂ ಅದು ಮೈಸೂರಿನವರು ನಮ್ಮನ್ನು ಅಣಕಿಸಿದ ಹಾಗೇ ಕೇಳಿಸಿತು. ನಿಮ್ಮ ಜೊತೆ ನಾನೂ ನಕ್ಕೆ, ಆದರೆ ಅನ್ನ ಹಾಗೇ ಬಿಟ್ಟು ಎದ್ದೆ.

ಮೈಸೂರಿಗೆ ಮರಳಿದವಳು ಬಸ್‌ಸ್ಟ್ಯಾಂಡಿನಿಂದ ರಾಜೀವನಗರಕ್ಕೆ ಹೋಗದೆ, ಚೀಲದ ಸಮೇತ ಸರಸ್ವತಿಪುರಂಗೆ ಹೋದೆ. ಬಾಗಿಲು ತೆರೆದದ್ದು ಸ್ಫೂರ್ತಿ. ಬಣ್ಣವಿಲ್ಲದ ಬೆಳ್ಳನೆ ಮುಖ, ಕೆನ್ನೆಯ ಮೇಲೆ ಅಮ್ಮ ಇಟ್ಟ ಕಾಡಿಗೆಯ ಬೊಟ್ಟು.

"ಅಡ್ಡಿಲ್ಲ ಅನ್ನು," ಎಂದೆ.

ಅವಳು ಹೆದರಿ ನನ್ನನ್ನು ನೋಡಿ, ಮೆಲ್ಲಗೆ ಹೇಳಿದಳು. ಅಜ್ಜಿ ಹೇಳಿದಂತೆಯೇ ಇತ್ತು. ನಾನು ಅಲ್ಲೇ ಹೊಸ್ತಿಲ ಮೇಲೆ ಕೂತು, ಅವಳ ತುಟಿಗಳನ್ನೇ ನೋಡುತ್ತಾ, ಇನ್ನೊಂದು ಸಲ ಹೇಳು ಎಂದೆ.