ಗಿಣ್ಣು ತಿಂದ ಬೆಕ್ಕು

ಆ ಬೆಕ್ಕನ್ನು ಸಾಕಿದವನು ನಾನಲ್ಲ, ನನ್ನ ಹೆಂಡತಿ. ಹಿಂದಿನ ಮಳೆಗಾಲದಲ್ಲಿ ವಾಂತಿಭೇದಿಯಾಗಿ ಎರಡೇ ದಿನಕ್ಕೆ ಅವಳು ಹೋದ ಮೇಲೆ, ತೂಬಗೆರೆಯ ಆ ಮನೆಯಲ್ಲಿ ಉಳಿದದ್ದು ಸ್ಕೂಲು ಮೇಷ್ಟ್ರಾದ ನಾನು ಮತ್ತು ನನ್ನನ್ನು ಕಂಡರೆ ಅಷ್ಟಕ್ಕಷ್ಟೇ ಆಗಿದ್ದ ಆ ಬೂದು ಬೆಕ್ಕು. ನನಗೂ ಅದರ ಮೇಲೆ ಪ್ರೀತಿಯೇನೂ ಉಕ್ಕುತ್ತಿರಲಿಲ್ಲ. ಆದರೆ ಅವಳ ಕೈಯ ಅನ್ನ ತಿಂದ ಜೀವ ಅಂತ ನನ್ನ ಜೊತೆಗಿದ್ದುದು ಅದೊಂದೇ. ಸಂಜೆ ಬಂದು ಬೀಗ ತೆಗೆದರೆ ತಲೆಯೆತ್ತಿ ನೋಡುತ್ತಿತ್ತು, ಬಂದವನು ನಾನೆಂದು ತಿಳಿದು ಮತ್ತೆ ಮಲಗುತ್ತಿತ್ತು. ಅಷ್ಟೇ ಸಾಕಾಗಿತ್ತು ನನಗೆ.

ಒಂದು ದಿನ ರೈತರೊಬ್ಬರ ಮನೆಯಲ್ಲಿ ಹಸು ಕರು ಹಾಕಿ, ಪಾತ್ರೆ ತುಂಬ ಗಿಣ್ಣು ಕಳಿಸಿದರು. ಒಬ್ಬನೇ ಎಷ್ಟು ತಿನ್ನಲಿ? ಮುಕ್ಕಾಲು ಪಾಲು ಬೆಕ್ಕಿನ ತಟ್ಟೆಗೆ ಸುರಿದೆ. ಮಾರನೆಯ ದಿನ ಅದಕ್ಕೆ ಹೊಟ್ಟೆ ಕೆಟ್ಟಿತು. ಹಿತ್ತಿಲಿಗೆ ಹೋಗಲೂ ಆಗದೆ ಒಲೆಯ ಮೂಲೆಯಲ್ಲೇ ಗಲೀಜು ಮಾಡಿಕೊಂಡಿತು, ಕುಡಿದದ್ದನ್ನೆಲ್ಲ ಕಕ್ಕಿತು.

ಭೇದಿಯಾದವರಿಗೆ ನೀರು ಕೊಡಬಾರದು ಎಂಬುದು ನಮ್ಮ ಮನೆಯ ಕಟ್ಟುನಿಟ್ಟು. ಒಳಗೆ ಹೋದರೆ ತಾನೇ ಹೊರಗೆ ಬರುವುದು ಎನ್ನುತ್ತಿದ್ದರು ನಮ್ಮಮ್ಮ. ಊರ ಮಕ್ಕಳಿಗೆಲ್ಲ ಪಾಠ ಹೇಳುವ ನಾನೂ ಅದನ್ನೇ ನಂಬಿದ್ದೆ. ಬೆಕ್ಕಿನ ನೀರಿನ ಬಟ್ಟಲನ್ನು ತೆಗೆದು ಅಡುಗೆಮನೆಯ ನಾಗೊಂದಿಗೆಯ ಮೇಲೆ, ಎತ್ತರದಲ್ಲಿ ಇಟ್ಟೆ. ಅದು ಎರಡು ದಿನ ಬಟ್ಟಲಿದ್ದ ಜಾಗದಲ್ಲೇ ಮುಖವಿಟ್ಟು ಮಲಗಿತ್ತು. ದೊಡ್ಡಬಳ್ಳಾಪುರದ ದನದ ಡಾಕ್ಟರ ಹತ್ತಿರ ಒಯ್ಯೋಣವೆಂದರೆ, ಬೆಕ್ಕು ಹೊತ್ತ ಮೇಷ್ಟ್ರನ್ನು ನೋಡಿ ಊರು ನಗುತ್ತದೆ ಎಂಬ ಬಿಗುಮಾನ ಬೇರೆ.

ಮೂರನೆಯ ಬೆಳಿಗ್ಗೆ ಪಕ್ಕದ ಮನೆಯ ಸಾಬರ ಹೆಂಡತಿ ನನ್ನ ಮುಖ ನೋಡಿ, ಏನಾಯಿತೆಂದು ಕೇಳಿ ಒಳಗೆ ಬಂದರು. ಏಳು ಮಕ್ಕಳನ್ನು ಹೆತ್ತು ಸಾಕಿದ ಹೆಂಗಸು. ಬೆಕ್ಕಿನ ಕತ್ತಿನ ಚರ್ಮವನ್ನು ಎರಡು ಬೆರಳಲ್ಲಿ ಹಿಡಿದೆತ್ತಿ ಬಿಟ್ಟರು. ಎತ್ತಿದ್ದು ಹಾಗೇ ನಿಂತಿತು.

"ನೀರು ಕೊಟ್ಟಿಲ್ವಾ ಮೇಷ್ಟ್ರೇ? ಭೇದಿಗಲ್ಲ, ಒಣಗಿ ಸಾಯ್ತೈತೆ ಇದು," ಎಂದರು.

ಅಕ್ಕಿಗೆ ರೇಷನ್ನಿನ ಕಾಲ. ಆದರೂ ಅವರು ಹೇಳಿದಂತೆ ಒಂದು ಹಿಡಿ ಬೇಯಿಸಿ, ಗಂಜಿಯ ತಿಳಿಗೆ ಚಿಟಿಕೆ ಉಪ್ಪು ಹಾಕಿ ಆರಿಸಿದೆ. ಕುಡಿಸಲು ಒಳಲೆ ಇದೆಯೇ ಎಂದು ಕೇಳಿದರು. ಇತ್ತು. ಮುಂದೆ ಹುಟ್ಟುವ ಮಗುವಿಗೆ ಹಾಲು ಹಾಕಲೆಂದು ಹೆಂಡತಿ ತವರಿನಿಂದ ತಂದಿದ್ದ ಬೆಳ್ಳಿಯದು, ಟ್ರಂಕಿನಲ್ಲೇ ಕಪ್ಪಾಗಿತ್ತು. ಅದರ ಮೂತಿಯನ್ನು ಬೆಕ್ಕಿನ ಬಾಯಂಚಿಗಿಟ್ಟು ಹನಿಹನಿಯಾಗಿ ಬಿಟ್ಟೆ. ಮೊದಲು ಎಲ್ಲ ಸೋರಿಹೋಯಿತು. ಆಮೇಲೆ ಗಂಟಲು ಆಡಿತು. ಅವತ್ತು ಸ್ಕೂಲಿಗೂ ಹೋಗದೆ ಗಳಿಗೆಗೊಮ್ಮೆ ಬಿಡುತ್ತಲೇ ಇದ್ದೆ. ದೀಪ ಹಚ್ಚುವ ಹೊತ್ತಿಗೆ ಅದು ತಾನೇ ಎದ್ದು ಕೂತು ಒಳಲೆಯನ್ನು ನೆಕ್ಕತೊಡಗಿತು.

ಇನ್ನು ಭಯವಿಲ್ಲ ಎಂದು ಹೇಳಿ ಆಕೆ ಹೋದರು. ಬಟ್ಟಲು ಇಳಿಸೋಣವೆಂದು ನಾಗೊಂದಿಗೆಗೆ ಕೈಚಾಚಿದವನು ಅಲ್ಲೇ ನಿಂತುಬಿಟ್ಟೆ. ಹಿಂದಿನ ವರ್ಷ ನೀರಿನ ಚೊಂಬನ್ನೂ ಅಲ್ಲಿಗೇ ಎತ್ತಿಟ್ಟಿದ್ದೆ, ಅವಳ ಕೈಗೆ ಎಟುಕಬಾರದೆಂದು. ಒಂದು ಗುಟುಕು ಕೊಡಿ ಎಂದು ಎಷ್ಟು ಸಲ ಕೇಳಿದಳೋ. ಕೊನೆಗೆ ಅಡುಗೆಮನೆಯ ಹೊಸಲಿನವರೆಗೆ ತೆವಳಿಕೊಂಡೂ ಬಂದಿದ್ದಳು. ನಾನು ಅವಳನ್ನು ಎತ್ತಿಕೊಂಡು ಹೋಗಿ ಮಲಗಿಸಿ, ತಲೆ ಸವರಿ, "ನಾಳೆ ಬೆಳಿಗ್ಗೆ ಕೊಡ್ತೀನಿ" ಅಂದಿದ್ದೆ.