ಎರಡು ರೊಟ್ಟಿ, ಎರಡು ಮುದ್ದೆ

ಚಿಂತಾಮಣಿಗೆ ಬಂದ ಮೊದಲ ದಿನವೇ ನನಗೆ ಊಟ ಮಾಡಲು ಬರುವುದಿಲ್ಲ ಎಂದು ಗೊತ್ತಾಯಿತು. ಮನೆಯ ಒಡತಿ ನರಸಮ್ಮನವರು ತಟ್ಟೆಯಲ್ಲಿ ಕಂದು ಬಣ್ಣದ ಒಂದು ಉಂಡೆ ಇಟ್ಟು, ಸುತ್ತ ಬಿಸಿ ಸೊಪ್ಪಿನ ಸಾರು ಸುರಿದು, ನನ್ನ ಬಾಯನ್ನೇ ನೋಡುತ್ತ ಕುಳಿತರು. ನಾನು ತುತ್ತು ಮುರಿದು ರೊಟ್ಟಿ ಅಗಿಯುವಂತೆ ಅಗಿದೆ. ಅದು ಹಲ್ಲಿಗೆ, ಅಂಗುಳಕ್ಕೆ ಮೆತ್ತಿಕೊಂಡು ಕಣ್ಣಲ್ಲಿ ನೀರು ಬಂತು.

"ಅಯ್ಯೋ, ಏನಮ್ಮಾ ಹಿಂಗ್ ಅಗೀತಿದ್ದೀರಿ? ಸಾರಲ್ಲಿ ಅದ್ದಿ ನುಂಗ್ಬೇಕು ಕಣಮ್ಮಾ!"

ಮೂವತ್ತೆಂಟು ವರ್ಷದ ಹೆಂಗಸಿಗೆ ನುಂಗುವುದನ್ನು ಹೇಳಿಕೊಟ್ಟರು. ಅಂದಿನಿಂದ ಆ ಬೀದಿಯಲ್ಲಿ ನನ್ನ ಹೆಸರು ಧಾರವಾಡದಮ್ಮ.

ಧಾರವಾಡದ ಬಳಗದವರಾದ ನಿಮಗೆ ಗೊತ್ತೇ ಇದೆ, ರಾಜ್ಯ ಒಂದಾದ ಮರುವರ್ಷ ನಮ್ಮವರಿಗೆ ಇಲ್ಲಿನ ತಾಲ್ಲೂಕು ಕಚೇರಿಗೆ ವರ್ಗವಾಯಿತು. ರಾಜ್ಯವೇನೋ ಒಂದಾಯಿತು. ಆದರೆ ನಾನು "ಹೌದಲ್ರೀ" ಅಂದರೆ ಇಲ್ಲಿನ ಮಕ್ಕಳು ನಗುತ್ತವೆ. ನರಸಮ್ಮನವರು ನನ್ನೊಡನೆ ಕನ್ನಡ ಆಡುತ್ತಾರೆ, ಗಂಡ ಮುನಿಶಾಮಪ್ಪನವರೊಡನೆ ತೆಲುಗು. ಸಿಟ್ಟು ಬಂದರೆ ಎರಡೂ. ಮುದ್ದೆಗೆ ತೆಲುಗಿನಲ್ಲಿ ಸಂಗಟಿ ಅನ್ನುತ್ತಾರೆಂದು ಮೊದಲ ವಾರದಲ್ಲೇ ಕಲಿತೆ. ಕಲಿಯಬೇಕಾದದ್ದು ಬೇರೆ ಇತ್ತು, ಅದನ್ನು ಕಲಿಯಲಿಲ್ಲ. ಈಗ ಇದನ್ನು ಬರೆಯುತ್ತಿರುವುದೇ ಆ ಕಾರಣಕ್ಕೆ.

ನಮ್ಮವರಿಗೆ ಸಕ್ಕರೆ ಕಾಯಿಲೆ ಇರುವುದು ಧಾರವಾಡದಲ್ಲೇ ಗೊತ್ತಾಗಿತ್ತು. ಅಲ್ಲಿಯ ಡಾಕ್ಟರು ಹೇಳಿದ್ದು ಮೂರೇ ಮಾತು: ನಡೆದಾಡಿ ಮೈ ಇಳಿಸಬೇಕು, ಹೊತ್ತಿಗೆ ಎರಡೇ ರೊಟ್ಟಿ, ವಾರಕ್ಕೊಮ್ಮೆ ಮೂತ್ರ ಪರೀಕ್ಷೆ. ಪರೀಕ್ಷೆಗೆಂದು ಗಾಜಿನ ಕೊಳವೆ, ಸ್ಪಿರಿಟ್ ದೀಪ, ಒಂದು ಬಾಟಲಿ ನೀಲಿ ಔಷಧ ಕೊಟ್ಟಿದ್ದರು. ಔಷಧಕ್ಕೆ ಕೆಲವು ಹನಿ ಮೂತ್ರ ಹಾಕಿ ಕಾಯಿಸಬೇಕು. ನೀಲಿಯಾಗಿಯೇ ಉಳಿದರೆ ಒಳ್ಳೆಯದು, ಹಸಿರಾದರೆ ಎಚ್ಚರ, ಇಟ್ಟಿಗೆಯ ಬಣ್ಣಕ್ಕೆ ತಿರುಗಿದರೆ ಕೆಟ್ಟದ್ದು. ರೈಲಿನಲ್ಲಿ ಬರುವಾಗ ಟ್ರಂಕಿನೊಳಗೆ ಬಾಟಲಿ, ಕೊಳವೆ ಎರಡೂ ಒಡೆದವು. ನನ್ನ ಮದುವೆಯ ಇಳಕಲ್ ಸೀರೆಯ ಮೇಲೆ ಅಂಗೈಯಗಲ ನೀಲಿ ಕಲೆ. ನಾನು ಸೀರೆಗಾಗಿ ಅತ್ತೆ. ಬಾಟಲಿಗಾಗಿ ಅಳಬೇಕಿತ್ತು.

ಇಲ್ಲಿ ಜೋಳ ಸುಲಭಕ್ಕೆ ಸಿಗದು, ಸಿಕ್ಕರೂ ಅದರ ಹಿಟ್ಟು ತಟ್ಟಿದರೆ ಬಿರಿಯುತ್ತಿತ್ತು. ನನ್ನ ಪರದಾಟ ನೋಡಿ ನರಸಮ್ಮನವರೇ ದಾರಿ ತೋರಿಸಿದರು.

"ಸಕ್ಕರೆ ಕಾಯ್ಲೆಗೆ ಮುದ್ದೆಗಿಂತ ಔಷ್ದ ಇಲ್ಲ ಕಣಮ್ಮಾ. ನಮ್ ಮಾವ್ನೋರ್ಗೂ ಇತ್ತು. ಮುದ್ದೆ ತಿಂದೇ ಎಂಬತ್ತು ವರ್ಷ ಬದುಕಿದ್ರು."

ಸರಿ, ಎರಡು ರೊಟ್ಟಿಯ ಜಾಗದಲ್ಲಿ ಎರಡು ಮುದ್ದೆ ಅಂದುಕೊಂಡೆ. ಎರಡಕ್ಕೆ ಎರಡು. ನಿಯಮ ತಪ್ಪದ ಹೆಂಡತಿ ನಾನು ಅಂತ ಒಳಗೊಳಗೇ ಜಂಬ ಬೇರೆ.

ಮೈ ಇಳಿಯತೊಡಗಿತು. ಮೊದಲು ಕೋಟು ಸಡಿಲವಾಯಿತು, ಆಮೇಲೆ ಉಂಗುರ ಜಾರಿತು. ತಿಂಗಳಿಗೊಮ್ಮೆ ಹುಣಸೆಹಣ್ಣಿನ ಮಂಡಿಗೆ ಹೋಗಿ, ಮೂಟೆ ತೂಗುವ ತಕ್ಕಡಿಯಲ್ಲಿ ಕುಳಿತು ಬರುತ್ತಿದ್ದರು. ಇಲ್ಲಿಯ ಒಂದು ಮಣ, ಅಂದರೆ ಸುಮಾರು ಇಪ್ಪತ್ತೈದು ಪೌಂಡು, ಇಳಿದ ದಿನ ನಗುತ್ತ ಮನೆಗೆ ಬಂದರು. "ಗಂಗಾ, ಡಾಕ್ಟರಗ ಕಾಗದ ಬರಿ, ಅವರ ಮಾತು ಗೆದ್ದೇವಿ ಅಂತ." ನಾನು ಬರೆದೆ. ಹೊಸ ಊರಿನಲ್ಲಿ ನಾವು ಗೆದ್ದದ್ದು ಅದೊಂದೇ ಅಂತ ಆವತ್ತು ನಿಜಕ್ಕೂ ನಂಬಿದ್ದೆ. ಕೊಳವೆ ತರಿಸಿ ಪರೀಕ್ಷೆ ಮಾಡುವ ಮಾತನ್ನೇ ಇಬ್ಬರೂ ಎತ್ತಲಿಲ್ಲ. ತಕ್ಕಡಿಯೇ ಹೇಳುತ್ತಿದೆಯಲ್ಲ!

ಅವರಿಗೆ ತಡೆಯದ ಬಾಯಾರಿಕೆ. ಧಾರವಾಡದಲ್ಲಾಗಿದ್ದರೆ ಒಂದು ವಾರದಲ್ಲಿ ಡಾಕ್ಟರ ಮನೆಗೆ ಓಡುತ್ತಿದ್ದೆವು. ಇಲ್ಲಿ, "ಈ ಊರ ಬಾವಿ ನೀರು ಸಪ್ಪ, ಎಷ್ಟ್ ಕುಡದ್ರೂ ದಾಹ ಹೋಗೂದಿಲ್ಲ" ಅಂದರು, ನಾನೂ ಹೌದೆಂದೆ. ಸುಸ್ತಾದರೆ ಬಿಸಿಲಿನ ಮೇಲೆ ಹಾಕಿದೆವು. ಕಣ್ಣು ಮಂಜಾದರೆ ಕಚೇರಿಯ ಹಳೆಯ ತೆಲುಗು ಕಾಗದಗಳ ಮೇಲೆ. ಪಾದ ಜೋಮು ಹಿಡಿದರೆ ಇಲ್ಲಿಯ ಕಲ್ಲು ಚಪ್ಪಡಿಯ ನೆಲದ ಮೇಲೆ. ಪರಸ್ಥಳದಲ್ಲಿ ಮೈಗೆ ಏನೇ ಆದರೂ ಊರನ್ನು ಬೈದುಬಿಡುವುದು ಸುಲಭ. ಊರು ಒಗ್ಗಿಲ್ಲ ಅನ್ನುತ್ತ ಎರಡು ವರ್ಷ ಕಳೆದೆವು.

ಇತ್ತ ನರಸಮ್ಮನವರು ಅವರನ್ನು ನೋಡಿದಾಗಲೆಲ್ಲ ಮರುಗುತ್ತಿದ್ದರು. "ಎಂಗಿದ್ದ ಯಜಮಾನ್ರು ಎಂಗಾಗೋದ್ರು! ನೋಡಿದೋರು ನಿಮ್ಮನ್ನಲ್ವಾ ಆಡ್ಕೊಳ್ಳೋದು?" ಅನ್ನುತ್ತ ಇನ್ನರ್ಧ ಮುದ್ದೆ ಇಟ್ಟು ಹೋಗುತ್ತಿದ್ದರು. ಅರ್ಧ ತಾನೇ ಅಂತ ನಾನೂ ಸುಮ್ಮನಿದ್ದೆ.

ಒಂದು ಭಾನುವಾರ ಕೈವಾರಕ್ಕೆ ನಡೆದೇ ಹೋಗಿಬಂದರು. ನಡೆದರೆ ಒಳ್ಳೆಯದೆಂದು ಡಾಕ್ಟರು ಹೇಳಿದ್ದರಲ್ಲ. ಸಂಜೆ ಜಗುಲಿಯ ಮೇಲೆ ರಕ್ತದ ಹೆಜ್ಜೆ ಕಂಡು ನಾನು ಕಿರುಚಿದೆ. ಹೊಸ ಚಪ್ಪಲಿ ಹೆಬ್ಬೆರಳ ಬುಡವನ್ನು ತಿಂದುಹಾಕಿತ್ತು. ಅವರು ಬಗ್ಗಿ ನೋಡಿ ಬೇರೆ ಯಾರದೋ ಕಾಲು ಎಂಬಂತೆ ಅಂದರು: "ನೋವಽ ಇಲ್ಲಲ್ಲ!" ನೋವಿಲ್ಲವೆಂದು ಶಿವನಿಗೆ ಕೈ ಮುಗಿದೆ, ಮೂರ್ಖಳು. ಅರಿಶಿನ ಮೆತ್ತಿದೆವು. ಹದಿನೈದು ದಿನದಲ್ಲಿ ಬೆರಳು ಕಪ್ಪಾಯಿತು, ಮತ್ತೊಂದು ವಾರಕ್ಕೆ ಪಾದ ಬಾತು ವಾಸನೆ ಹೊರಟಿತು. ಮುನಿಶಾಮಪ್ಪನವರೇ ಬಸ್ಸಿನಲ್ಲಿ ಚಿಕ್ಕಬಳ್ಳಾಪುರದ ಆಸ್ಪತ್ರೆಗೆ ಕರೆದುಕೊಂಡು ಹೋದರು.

ಅಲ್ಲಿಯ ವಯಸ್ಸಾದ ಡಾಕ್ಟರು ಕಾಲು ನೋಡಿದರು, ಮೂತ್ರ ಕಾಯಿಸಿ ನೋಡಿದರು. ಕೊಳವೆಯನ್ನು ನನ್ನ ಮುಂದೆ ಹಿಡಿದರು. ಇಟ್ಟಿಗೆಯ ಬಣ್ಣ.

"ಆದ್ರೆ ತೂಕ ಇಳಿದೈತಲ್ರೀ?" ಅಂದೆ.

"ಇಳಿಸಿದ್ದು ನೀವಲ್ಲಮ್ಮ. ಕಾಯಿಲೆ."

ಆಮೇಲೆ ಆ ಮನುಷ್ಯ ಕೇಳಿದ ಹಾಗೆ ಯಾರೂ ನಮ್ಮನ್ನು ಕೇಳಿರಲಿಲ್ಲ. ಬೆಳಿಗ್ಗೆ ಏನು, ಎಷ್ಟು, ಯಾವ ಪಾತ್ರೆಯಲ್ಲಿ, ಕಚೇರಿಯಲ್ಲಿ ಕೂತು ಎಷ್ಟು ಹೊತ್ತು. ಎರಡು ರೊಟ್ಟಿಗೆ ಬದಲು ಎರಡು ಮುದ್ದೆ ಎಂದಾಗ ಬರೆಯುವುದನ್ನು ನಿಲ್ಲಿಸಿ, ಮಾರನೆಯ ದಿನ ಎರಡರ ಹಿಟ್ಟನ್ನೂ ಬೇರೆ ಬೇರೆ ಪೊಟ್ಟಣ ಕಟ್ಟಿ ತರಲು ಹೇಳಿದರು. ತಂದುಕೊಟ್ಟೆ. ಔಷಧ ತೂಗುವ ತಕ್ಕಡಿಯ ಒಂದು ತಟ್ಟೆಯಲ್ಲಿ ಒಂದು ಮುದ್ದೆಯ ಹಿಟ್ಟು ಇಟ್ಟರು. ಇನ್ನೊಂದರಲ್ಲಿ ಒಂದು ರೊಟ್ಟಿಯದು. ತಟ್ಟೆ ಅಲ್ಲಾಡಲಿಲ್ಲ. ಎರಡನೆಯ ರೊಟ್ಟಿಯ ಹಿಟ್ಟು ಸುರಿದ ಮೇಲೆ ಎರಡೂ ಸಮವಾದವು. ಎರಡು ವರ್ಷ ನಾನು ಅವರಿಗೆ ಹೊತ್ತಿಗೆ ನಾಲ್ಕು, ಐದು ರೊಟ್ಟಿ ತಿನ್ನಿಸಿದ್ದೆ, ಎರಡೇ ಎಂದುಕೊಂಡು.

"ನರಸಮ್ಮನವರ ಮಾವ ಎಂಬತ್ತು ವರ್ಷ ಬದುಕಿದ್ರಂತಲ್ರೀ?"

"ಅವರು ಎಷ್ಟು ತಿಂತಿದ್ರು, ಏನು ಕೆಲಸ ಮಾಡ್ತಿದ್ರು ಅಂತ ಕೇಳಿದ್ರಾ?"

ಬಾಗಿಲ ಬಳಿ ನಿಂತಿದ್ದ ಮುನಿಶಾಮಪ್ಪನವರು ನೆಲ ನೋಡುತ್ತ ಅಂದರು: "ದಿನಾ ಕಪಿಲೆ ಹೊಡೀತಿದ್ರು ಸಾಮಿ, ಬಾವೀಲಿ ನೀರೆತ್ತೋದು. ಒಂದೇ ಮುದ್ದೆ. ಅದೂ ಸಣ್ಣದು."

ಮೂರನೆಯ ದಿನ ಎಡಗಾಲನ್ನು ಮೊಣಕಾಲ ಕೆಳಗೆ ತೆಗೆದರು.

ನರಸಮ್ಮನವರು ಆಸ್ಪತ್ರೆಗೆ ಬಂದು ನನ್ನ ಕೈ ಹಿಡಿದು, "ನನ್ ಕೈಯಾರೆ ಇಟ್ನಲ್ಲಮ್ಮಾ" ಎಂದು ಅತ್ತರು. ನಾನು ಕೈ ಕಿತ್ತುಕೊಂಡೆ. ಒಂದು ತಿಂಗಳು ಮಾತು ಬಿಟ್ಟೆ. ಬಡಿಸಿದವರ ಮೇಲೆ ಸಿಟ್ಟು ಮಾಡುವುದು ನನ್ನ ಮೇಲೆ ಮಾಡಿಕೊಳ್ಳುವುದಕ್ಕಿಂತ ಹಗುರವಾಗಿತ್ತು, ಅಷ್ಟೇ. ಅದೇ ಹೊತ್ತಿಗೆ ಆಸ್ಪತ್ರೆಯವರು ಬಟ್ಟೆಯಲ್ಲಿ ಸುತ್ತಿ ಕೊಟ್ಟ ಕಾಲನ್ನು ಮುಟ್ಟಲು ನನಗೆ ಧೈರ್ಯವಾಗಿರಲಿಲ್ಲ. ಅದನ್ನು ಎದೆಗವಚಿಕೊಂಡು ಬಸ್ಸಿನಲ್ಲಿ ಚಿಂತಾಮಣಿಗೆ ತಂದು, ತಮ್ಮ ರಾಗಿ ಹೊಲದ ಬದುವಿನಲ್ಲಿ ಗುಂಡಿ ತೋಡಿ ಮಣ್ಣು ಮಾಡಿದವರು ಮುನಿಶಾಮಪ್ಪನವರು. ಮೇಲೊಂದು ಕಲ್ಲು ಇಟ್ಟಿದ್ದಾರೆ. ಆ ಕಲ್ಲು ನೋಡಿದ ಮೇಲೆ ನಾನೇ ನರಸಮ್ಮನವರ ಮನೆಗೆ ಹೋದೆ. ಇಬ್ಬರೂ ಅತ್ತೆವು.

ಈಗ ನಮ್ಮ ಅಡಿಗೆಮನೆಯಲ್ಲಿ ಒಂದು ನೋಟ್‌ಬುಕ್ಕಿದೆ. ಇಂದು ಇಷ್ಟು ಹಿಟ್ಟು, ಇಷ್ಟು ಸೊಪ್ಪು, ಇಷ್ಟು ನಡಿಗೆ, ಕೊಳವೆಯ ಬಣ್ಣ ಇದು. ಮುದ್ದೆ ಬಿಟ್ಟಿಲ್ಲ, ಕಿತ್ತಳೆಯಷ್ಟಾಗಿದೆ. ಅನ್ನ ತಿಂದ ದಿನ ಹಸಿರು, ಹುರುಳಿ ಸಾರಿನ ದಿನ ನೀಲಿ. ಊರುಗೋಲಿನಲ್ಲಿ ಕಚೇರಿಗೆ ಹೋಗಿಬರುತ್ತಾರೆ. ನಿಮ್ಮಲ್ಲಿ ಹಲವರು ಬರೆದಿದ್ದೀರಿ, ರಾಗಿ ಈ ಕಾಯಿಲೆಗೆ ಭಾಳ ಛಲೋ ಅಂತಲ್ಲ, ಅವರೇನು ಉಣ್ಣುತ್ತಾರೆ ಬರೆದು ಕಳಿಸು, ನಾವೂ ಹಾಗೇ ಮಾಡುತ್ತೇವೆ ಅಂತ. ಕಳಿಸುವುದಿಲ್ಲ. ಅದು ಒಂದೂವರೆ ಕಾಲಿನ, ಕುರ್ಚಿಯ ಮೇಲೆ ಕೂರುವ ಒಬ್ಬ ಮನುಷ್ಯನ ಊಟ. ನಿಮ್ಮ ಹಿಟ್ಟು ನೀವು ತೂಗಿ. ನಿಮ್ಮ ಕೊಳವೆ ನೀವು ಕಾಯಿಸಿ.

ಇಲ್ಲಿ ನಾನು ಇಂದಿಗೂ ಧಾರವಾಡದಮ್ಮ. ಹೋದ ವರ್ಷ ಧಾರವಾಡಕ್ಕೆ ಹೋದಾಗ ತಂಗಿಯ ಮನೆಯಲ್ಲಿ ಅರಿಯದೆ ತುತ್ತನ್ನು ಅಗಿಯದೆ ನುಂಗಿದೆ. "ನೋಡವ್ವ ಚಿಂತಾಮಣಿಯಾಕಿನ್ನ!" ಅಂತ ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ.

ಆರು ವರ್ಷದಿಂದ ನಾನೇ ಬೆನ್ನು ಹತ್ತಿ ಬರೆಸಿದ ಅರ್ಜಿಗೆ ಕಳೆದ ವಾರ ಉತ್ತರ ಬಂತು. ಧಾರವಾಡಕ್ಕೆ ವರ್ಗ. ಓಡಿಹೋಗಿ ಜಗುಲಿಯಲ್ಲಿ ಕುಳಿತಿದ್ದ ಅವರ ಕೈಗೆ ಕೊಟ್ಟೆ. ಓದಿದರು, ಮಡಿಸಿದರು. ಮುನಿಶಾಮಪ್ಪನವರ ಹೊಲದ ಕಡೆ ಮುಖ ಮಾಡಿ ಅಂದರು:

"ನೀ ಹೂಂ ಅಂದ್ರ ಹೋಗೂಣು. ಆದ್ರ ಸತ್ತ ಮ್ಯಾಲ ನನ್ನ ಎಲ್ಲಿ ಮಣ್ಣು ಮಾಡ್ತಿ, ಗಂಗಾ? ಒಂದು ಕಾಲು ಮುಂದಾಗಿ ಹೋಗಿ ಇಲ್ಲೇ ಜಾಗಾ ಹಿಡದೈತಿ."

ಆ ಕಾಗದವನ್ನು ಟ್ರಂಕಿನಲ್ಲಿ, ನೀಲಿ ಕಲೆಯ ಸೀರೆಯ ಕೆಳಗೆ ಇಟ್ಟಿದ್ದೇನೆ. ಹೂಂ ಅನ್ನಲು ಇನ್ನೂ ಬಾಯಿ ಬಂದಿಲ್ಲ.